ಸ್ವರಕ್ಕೆಂದು ತಿಂದ ಜೇಷ್ಠಮಧು ಬಿಪಿ ಏರಿಸಿತೇ?

ಪ್ರಶ್ನೆ: ನನಗೆ 61 ವರ್ಷ. ಬದಿಯಡ್ಕದ ಹತ್ತಿರ ಅಡಿಕೆ ತೋಟ ಇದೆ. ಯಕ್ಷಗಾನದ ಹವ್ಯಾಸಿ ಭಾಗವತ. ಕೆಲವು ವರ್ಷಗಳಿಂದ ಬಿಪಿಗೆ ಅಮ್ಲೋಡಿಪಿನ್ 5 ಮಿ.ಗ್ರಾಂ. ಮಾತ್ರೆ ತಿನ್ನುತ್ತಿದ್ದೇನೆ. 130/80ರ ಆಸುಪಾಸಿನಲ್ಲಿ ಇರುತ್ತಿತ್ತು. ಈ ಮಳೆಗಾಲ ತಾಳಮದ್ದಳೆ ಕೂಟಗಳು ಶುರುವಾದ ಮೇಲೆ ಸ್ವರ ಒಡೆಯುತ್ತದೆ ಎಂದು ಬೆಳಿಗ್ಗೆ, ರಾತ್ರಿ ಒಂದೊಂದು ಚಮಚ ಜೇಷ್ಠಮಧು ಪುಡಿ ಹಾಕಿ ಕಷಾಯ ಕುಡಿಯುತ್ತಿದ್ದೇನೆ. ಕೂಟದಲ್ಲಿ ಕೂತಾಗ ಬೇರಿನ ತುಂಡೊಂದು ಬಾಯಲ್ಲೇ ಇರುತ್ತದೆ. ಕೆಮ್ಮಿಗೆ ಆಯುರ್ವೇದದ ಸಿರಪ್ ಇದೆ. ಮಲಬದ್ಧತೆಗೆ ರಾತ್ರಿ ಒಂದು ಚೂರ್ಣ. ಎರಡು ತಿಂಗಳಾಗುವಾಗ ಬಿಪಿ 164/96 ಆಯಿತು. ಡಾಕ್ಟರು ಹೈಡ್ರೊಕ್ಲೋರೋಥಯಾಜೈಡ್ ಇರುವ ಇನ್ನೊಂದು ಮಾತ್ರೆ ಸೇರಿಸಿದರು. ಈಗ ಪಾದ ಬಾತುಕೊಳ್ಳುತ್ತದೆ, ರಾತ್ರಿ ಮೀನಖಂಡ ಹಿಡಿಯುತ್ತದೆ, ಮೆಟ್ಟಿಲು ಹತ್ತುವಾಗ ತೊಡೆಯಲ್ಲಿ ಬಲವೇ ಇಲ್ಲ. ರಕ್ತ ಪರೀಕ್ಷೆಯಲ್ಲಿ ಪೊಟ್ಯಾಸಿಯಂ 2.9 ಬಂದಿದೆ. ಮಂಗಳೂರಿನಲ್ಲಿ ನರ್ಸ್ ಆಗಿರುವ ನನ್ನ ಸೊಸೆ, ಇದೆಲ್ಲ ಜೇಷ್ಠಮಧುವಿನಿಂದ ಎನ್ನುತ್ತಾಳೆ. ಮನೆಮದ್ದಿನಿಂದ ಹೀಗೂ ಆಗುತ್ತದೆಯೇ? ಬೊಂಡ (ಎಳನೀರು) ಕುಡಿದರೆ ಪೊಟ್ಯಾಸಿಯಂ ಸರಿಯಾಗುತ್ತದೆ ಎನ್ನುತ್ತಾರೆ, ಹೌದೇ? ಜೇಷ್ಠಮಧು ಬಿಟ್ಟರೆ ಸ್ವರಕ್ಕೆ ಏನು ಮಾಡಲಿ?

ಉತ್ತರ: ಭಾಗವತರೇ, ಪ್ರಶ್ನೆಗಳಿಗೆ ಆಮೇಲೆ ಬರುತ್ತೇನೆ. ಮೊದಲು ಕಷಾಯ, ಬೇರಿನ ತುಂಡು, ಸಿರಪ್, ಚೂರ್ಣ ನಾಲ್ಕನ್ನೂ ಇವತ್ತೇ ನಿಲ್ಲಿಸಿ. ಬಿಪಿ ಮಾತ್ರೆಗಳನ್ನು ಮಾತ್ರ ನೀವಾಗಿ ನಿಲ್ಲಿಸಬೇಡಿ. ರಕ್ತದ ವರದಿ ಹಿಡಿದುಕೊಂಡು ಇವತ್ತೇ ಡಾಕ್ಟರ ಹತ್ತಿರ ಹೋಗಿ, ಒಂದು ಇಸಿಜಿ ಮಾಡಿಸಿ. ರಕ್ತದಲ್ಲಿ ಪೊಟ್ಯಾಸಿಯಂ 3.5ರಿಂದ 5ರ ಒಳಗೆ ಇರಬೇಕು. 3ರ ಕೆಳಗೆ ಬಂದು, ಜೊತೆಗೆ ತೊಡೆಯ ಬಲವೂ ಹೋಗಿದೆ ಎಂದರೆ ಅದು ನಾಳೆ ನಾಡಿದ್ದಿಗೆ ಇಡುವ ವಿಷಯ ಅಲ್ಲ. ಎದೆ ತಾಳ ತಪ್ಪಿ ಬಡಿದರೆ, ತಲೆ ಸುತ್ತಿ ಬಿದ್ದರೆ, ಕೂತಲ್ಲಿಂದ ಏಳಲು ಆಗದಿದ್ದರೆ, ಉಸಿರಾಡಲು ಕಷ್ಟವಾದರೆ, ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ಬಂದರೆ, ಸೀದಾ ತುರ್ತು ಚಿಕಿತ್ಸೆಗೆ ಹೋಗಬೇಕು. ಕೂಟಕ್ಕೆ ಒಪ್ಪಿಕೊಂಡಿದ್ದರೆ ಈ ವಾರ ಬೇರೆಯವರು ಪದ್ಯ ಹೇಳಲಿ.

ಇನ್ನು ಸೊಸೆಯ ಮಾತು. ಅವರು ಹೇಳಿದ್ದು ಬಹುಪಾಲು ಸರಿ. ಪೂರ್ತಿ ಅಂತ ಹೇಳದಿರಲು ಕಾರಣ, ನಿಮ್ಮ ಪೊಟ್ಯಾಸಿಯಂ ಇಳಿಸುವ ಕೆಲಸಕ್ಕೆ ಜೇಷ್ಠಮಧು ಒಂದೇ ಕೈ ಹಾಕಿದ್ದಲ್ಲ. ಶುರು ಮಾಡಿದ್ದು ಅದು, ಆಮೇಲೆ ಬಂದವರು ಸೇರಿಕೊಂಡರು.

ಜೇಷ್ಠಮಧುವಿನ ಸಿಹಿಗೆ ಕಾರಣ ಗ್ಲಿಸಿರೈಜಿನ್ ಎಂಬ ವಸ್ತು. ಸಕ್ಕರೆಗಿಂತ 30ರಿಂದ 50 ಪಟ್ಟು ಸಿಹಿ. ಬಾಯಿಂದ ಬೇಗ ಹೋಗದ ಆ ರುಚಿ ನಿಮಗೆ ಗೊತ್ತೇ ಇದೆ. ಅದು ಕರುಳಿಗೆ ಇಳಿದ ಮೇಲೆ ಅಲ್ಲಿರುವ ಬ್ಯಾಕ್ಟೀರಿಯಾಗಳು ಅದನ್ನು ಒಡೆದು ಗ್ಲಿಸಿರೆಟಿನಿಕ್ ಆಮ್ಲ ಮಾಡುತ್ತವೆ. ರಕ್ತಕ್ಕೆ ಸೇರಿ ಆಟ ಆಡುವುದು ಈ ಆಮ್ಲ.

ನಮ್ಮ ಮೂತ್ರಪಿಂಡಗಳ ನೆತ್ತಿಯಲ್ಲಿ ಅಡ್ರಿನಲ್ ಎಂಬ ಎರಡು ಸಣ್ಣ ಗ್ರಂಥಿಗಳಿವೆ. ಅಲ್ಲಿಂದ ಬರುವ ಆಲ್ಡೊಸ್ಟಿರೋನ್ ಎಂಬ ಹಾರ್ಮೋನು ಮೂತ್ರಪಿಂಡಕ್ಕೆ ಒಂದು ಅಪ್ಪಣೆ ಕೊಡುತ್ತದೆ: ಉಪ್ಪನ್ನು ಉಳಿಸಿಕೋ, ಪೊಟ್ಯಾಸಿಯಂ ಹೊರಗೆ ಹಾಕು. ಅದೇ ಗ್ರಂಥಿಯಿಂದ ಕಾರ್ಟಿಸೋಲ್ ಎಂಬ ಇನ್ನೊಂದು ಹಾರ್ಮೋನು ಬರುತ್ತದೆ. ರಕ್ತದಲ್ಲಿ ಇದು ಆಲ್ಡೊಸ್ಟಿರೋನಿಗಿಂತ ನೂರಾರು ಪಟ್ಟು ಜಾಸ್ತಿ. ಇದಕ್ಕೂ ಅದೇ ಅಪ್ಪಣೆ ಕೊಡುವ ಶಕ್ತಿ ಇದೆ. ಹಾಗೆ ಕೊಡಲು ಬಿಟ್ಟರೆ ದೇಹದ ಲೆಕ್ಕವೇ ತಪ್ಪುತ್ತದೆ. ಅದಕ್ಕೇ ಮೂತ್ರಪಿಂಡದಲ್ಲಿ ಒಂದು ಕಿಣ್ವ ಕಾವಲು ಕೂತಿದೆ. ಬಂದ ಕಾರ್ಟಿಸೋಲನ್ನು ಅದು ಅಲ್ಲೇ ಕಾರ್ಟಿಸೋನ್ ಎಂಬ ನಿಷ್ಕ್ರಿಯ ರೂಪಕ್ಕೆ ತಿರುಗಿಸುತ್ತದೆ. ಜೇಷ್ಠಮಧುವಿನ ಆಮ್ಲ ಈ ಕಿಣ್ವವನ್ನು ಕಟ್ಟಿಹಾಕುತ್ತದೆ. ಚೌಕಿಯ ಬಾಗಿಲು ಕಾಯುವವ ನಿದ್ದೆ ಹೋಗಿ, ಕೋಡಂಗಿ ವೇಷದ ಮಕ್ಕಳೆಲ್ಲ ಒಟ್ಟಿಗೆ ರಂಗಸ್ಥಳಕ್ಕೆ ನುಗ್ಗಿ ರಾಜನ ಅರ್ಥ ಹೇಳಲು ಶುರು ಮಾಡಿದರೆ ಹೇಗಿರುತ್ತದೆ? ಹಾಗೆಯೇ.

ಉಪ್ಪು ಉಳಿಯುತ್ತದೆ, ಉಪ್ಪಿನ ಜೊತೆ ನೀರೂ ಉಳಿಯುತ್ತದೆ. ಬಿಪಿ ಏರುತ್ತದೆ, ಪಾದ ಬಾಯುತ್ತದೆ. ಪೊಟ್ಯಾಸಿಯಂ ಮೂತ್ರದಲ್ಲಿ ಸೋರಿ ಹೋಗುತ್ತದೆ. ಸ್ನಾಯುಗಳಿಗೆ ಬಲ ಇರುವುದಿಲ್ಲ, ಹಿಡಿದುಕೊಳ್ಳುತ್ತವೆ. ಹೃದಯವೂ ಸ್ನಾಯುವೇ ಆದ್ದರಿಂದ ಅದರ ಬಡಿತ ತಪ್ಪಬಹುದು. ಇಸಿಜಿ ಬೇಕು ಎಂದದ್ದು ಇದಕ್ಕೆ.

ಈಗ ನಿಮ್ಮ ಎರಡು ತಿಂಗಳನ್ನು ಇದರ ಪಕ್ಕ ಇಟ್ಟು ನೋಡಿ. ಬೇರು ಬಿಪಿ ಏರಿಸಿತು. ಡಾಕ್ಟರಿಗೆ ಕಂಡದ್ದು ಏರಿದ ಬಿಪಿ ಮಾತ್ರ. ಅವರು ಉಪ್ಪು, ನೀರು ಹೊರಗೆ ಹಾಕುವ ಮಾತ್ರೆ ಕೊಟ್ಟರು. ಸಾಮಾನ್ಯ ಬಿಪಿಗೆ ಅದು ಒಳ್ಳೆಯ ಮಾತ್ರೆಯೇ. ಆದರೆ ಅದೂ ಮೂತ್ರದಲ್ಲಿ ಪೊಟ್ಯಾಸಿಯಂ ಕಳೆಯುತ್ತದೆ. ಸೋರುವ ಪಾತ್ರೆಗೆ ಎರಡನೇ ತೂತು ಬಿತ್ತು. ಮುಂದಿನ ಸಲ ಬಾತ ಪಾದ ತೋರಿಸಿದ್ದರೆ ಫ್ರುಸಮೈಡ್‌ನಂಥ ಇನ್ನೂ ಜೋರಿನ ಮಾತ್ರೆ ಬರುವ ಸಾಧ್ಯತೆ ಇತ್ತು. ಆಗ ಮೂರನೇ ತೂತು. ಹೀಗೆ ಮದ್ದಿನ ಮೇಲೆ ಮದ್ದು ಏರುತ್ತಾ ಹೋಗುವುದೇ ಜೇಷ್ಠಮಧುವಿನ ವಿಷಯದಲ್ಲಿ ನನಗೆ ಹೆಚ್ಚು ಭಯ ಹುಟ್ಟಿಸುವ ಸಂಗತಿ. ಡಾಕ್ಟರನ್ನು ದೂರಿ ಪ್ರಯೋಜನ ಇಲ್ಲ. ‘ಬೇರೆ ಏನಾದರೂ ಮದ್ದು ಉಂಟಾ?’ ಎಂದು ಕೇಳಿದರೆ ನಮ್ಮ ಕಡೆ ಹೆಚ್ಚಿನವರ ಉತ್ತರ ‘ಏನೂ ಇಲ್ಲ ಡಾಕ್ಟ್ರೇ’. ಕಷಾಯವನ್ನು ಮದ್ದು ಎಂದು ಯಾರು ಲೆಕ್ಕ ಹಿಡಿಯುತ್ತಾರೆ!

ಒಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಅಮ್ಲೋಡಿಪಿನ್ ತಿನ್ನುವವರಲ್ಲಿ ಕೆಲವರಿಗೆ ಅದರಿಂದಲೇ ಪಾದ ಬಾಯುತ್ತದೆ. ಜೇಷ್ಠಮಧು ಬಿಟ್ಟ ಮೇಲೂ ಬಾವು ಪೂರ್ತಿ ಇಳಿಯದಿದ್ದರೆ ಗಾಬರಿ ಬೇಡ, ಡಾಕ್ಟರು ಮಾತ್ರೆ ಬದಲಿಸಿ ನೋಡುತ್ತಾರೆ.

ರಾತ್ರಿಯ ಚೂರ್ಣದ ಹೆಸರು ನೀವು ಬರೆದಿಲ್ಲ. ಮಲಬದ್ಧತೆಗೆ ಅಂಗಡಿಯಲ್ಲಿ ಸಿಗುವ ಚೂರ್ಣಗಳಲ್ಲಿ ಸೋನಾಮುಖಿ ಎಲೆ ಇರುವುದು ಸಾಮಾನ್ಯ. ಪ್ರತಿದಿನ ಭೇದಿ ಮಾಡಿಸಿದರೆ ಮಲದಲ್ಲೂ ಪೊಟ್ಯಾಸಿಯಂ ಹೋಗುತ್ತದೆ. ಸ್ವಾದಿಷ್ಟ ವಿರೇಚನ ಚೂರ್ಣದಲ್ಲಿ ಏನೇನಿದೆ ನೋಡಿ: ಸೋನಾಮುಖಿ, ಶುದ್ಧ ಗಂಧಕ, ಸೋಂಪು, ಸಕ್ಕರೆ, ಜೊತೆಗೆ ಯಷ್ಟಿಮಧು (ಜೇಷ್ಠಮಧುವಿನದೇ ಇನ್ನೊಂದು ಹೆಸರು). ಅಂದರೆ ಒಂದೇ ಚಮಚದಲ್ಲಿ ಎರಡೂ ಬಂತು. ಪಂಡಿತರು ನಾಲ್ಕು ದಿನಕ್ಕೆಂದು ಕೊಟ್ಟರೆ ಏನೂ ಆಗುವುದಿಲ್ಲ. ನಾವು ಅದನ್ನು ವರ್ಷಗಟ್ಟಲೆ ದಿಂಬಿನ ಪಕ್ಕ ಇಟ್ಟುಕೊಂಡರೆ ಕಥೆ ಬೇರೆ. ಮಲಬದ್ಧತೆಯೂ ಇಲ್ಲಿ ಸುಮ್ನೆ ಕೂರುವುದಿಲ್ಲ. ಕರುಳಿನ ಚಲನೆ ನಿಧಾನವಾದಷ್ಟು ಈ ಆಮ್ಲ ಜಾಸ್ತಿ ಹೀರಲ್ಪಡುತ್ತದೆ. ಪಿತ್ತದ ಜೊತೆ ಕರುಳಿಗೆ ಬಂದದ್ದು ಮತ್ತೆ ರಕ್ತಕ್ಕೆ ಹೋಗುತ್ತದೆ. ವಯಸ್ಸಾದವರಿಗೆ ಕಡಿಮೆ ಪ್ರಮಾಣದಲ್ಲೇ ತೊಂದರೆ ಕಾಣಿಸುವುದಕ್ಕೆ ಇದೂ ಒಂದು ಕಾರಣ.

ಊಟದ ಉಪ್ಪೂ ಇದೆಯಲ್ಲ. ಮೂತ್ರಪಿಂಡ ಉಪ್ಪನ್ನು ಹಿಡಿದಿಟ್ಟುಕೊಳ್ಳುವ ಹೊತ್ತಿಗೆ ನಾವು ಉಪ್ಪು ಸುರಿದರೆ ಬಿಪಿ ಇನ್ನೂ ಏರುತ್ತದೆ. ನಮ್ಮ ಮಳೆಗಾಲದ ಊಟ ನಿಮಗೆ ಹೇಳಬೇಕಾಗಿಲ್ಲ. ಗಂಜಿ, ಮಾವಿನ ಮಿಡಿ ಉಪ್ಪಿನಕಾಯಿ, ಹಪ್ಪಳ, ಭರಣಿಯಿಂದ ತೆಗೆದ ಉಪ್ಪುಸೊಳೆಯ ಪಲ್ಯ. ಉಪ್ಪುಸೊಳೆಯನ್ನು ಎಷ್ಟು ತೊಳೆದು ಹಿಂಡಿದರೂ ಉಪ್ಪು ಪೂರ್ತಿ ಹೋಗುವುದಿಲ್ಲ. ಬಿಪಿ ಹಳಿಗೆ ಬರುವ ತನಕ ಭರಣಿಯ ಮುಚ್ಚಳ ಹಾಕಿಯೇ ಇರಲಿ.

ಹಾಗಾದರೆ ಎಷ್ಟು ತಿಂದರೆ ಜಾಸ್ತಿ? ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ಸಮಿತಿ ಹೇಳುವಂತೆ, ದಿನಕ್ಕೆ 100 ಮಿ.ಗ್ರಾಂ. ಗ್ಲಿಸಿರೈಜಿನ್‌ವರೆಗೆ ಹೆಚ್ಚಿನ ವಯಸ್ಕರಿಗೆ ತೊಂದರೆ ಆಗಲಾರದು. ಯುರೋಪಿನವರೂ ಇದೇ ಗೆರೆ ಎಳೆದಿದ್ದಾರೆ. ಆ ಗೆರೆಯೂ ಅಷ್ಟೇನೂ ಗಟ್ಟಿ ಅಲ್ಲ. 2024ರಲ್ಲಿ ಸ್ವೀಡನ್ನಿನ ಲಿನ್‌ಶೋಪಿಂಗ್‌ನಲ್ಲಿ 18ರಿಂದ 30 ವರ್ಷದ ಆರೋಗ್ಯವಂತರಿಗೆ ಎರಡು ವಾರ ದಿನಕ್ಕೆ ಅಷ್ಟೇ 100 ಮಿ.ಗ್ರಾಂ. ಕೊಟ್ಟು ನೋಡಿದರು. ಬಿಪಿಯ ಮೇಲಿನ ಅಂಕಿ ಸರಾಸರಿ 3ರಷ್ಟು ಏರಿತು. ಸಣ್ಣ ಏರಿಕೆ, ಸರಿ. ಆದರೆ ಅವರು ಎಳೆಯರು, ಯಾವ ಕಾಯಿಲೆಯೂ ಇಲ್ಲದವರು.

ಈಗ ನಿಮ್ಮ ಲೆಕ್ಕ. ಒಂದು ಟೀ ಚಮಚ ತುಂಬ ಪುಡಿ ಸುಮಾರು 3 ಗ್ರಾಂ. ದಿನಕ್ಕೆ ಎರಡು ಸಲ ಎಂದರೆ 6 ಗ್ರಾಂ. ಒಳ್ಳೆಯ ಬೇರಿನಲ್ಲಿ ಕನಿಷ್ಠ 4 ಶೇಕಡಾ ಗ್ಲಿಸಿರೈಜಿನ್ ಇರಬೇಕು ಎಂಬುದು ಯುರೋಪಿನ ಔಷಧಸೂಚಿಯ ನಿಯಮ. ಅಷ್ಟೇ ಹಿಡಿದರೂ ಆ 6 ಗ್ರಾಂ ಪುಡಿಯಲ್ಲಿ 240 ಮಿ.ಗ್ರಾಂ. ಆಯಿತು. ಬೇರಿನಲ್ಲಿ 10 ಶೇಕಡಾ ಇದ್ದರೆ 600. ಕೂಟದ ಹೊತ್ತಿನಲ್ಲಿ ಜಗಿದ ತುಂಡು, ಸಿರಪ್, ಚೂರ್ಣ ಇದಕ್ಕೆ ಸೇರಿಲ್ಲ. ಅದೂ ಒಂದು ದಿನ ಅಲ್ಲ, ಎರಡು ತಿಂಗಳು.

ಯಾವ ಬೇರಿನಲ್ಲಿ ಎಷ್ಟಿದೆ ಎಂದು ನೋಡಿ ಹೇಳಲು ಆಗುವುದಿಲ್ಲ. ಜೇಷ್ಠಮಧು ನಮ್ಮ ಹಿತ್ತಿಲಿನ ಗಿಡ ಅಲ್ಲ. ಭಾರತದ ಮಾರುಕಟ್ಟೆಗೆ ಹೆಚ್ಚಾಗಿ ಅಫ್ಘಾನಿಸ್ತಾನ, ಇರಾನ್, ಮಧ್ಯ ಏಷ್ಯಾದ ಕಡೆಯಿಂದ ಬರುತ್ತದೆ. ಬೆಳೆದ ಮಣ್ಣು, ಕಿತ್ತ ಕಾಲ, ಬೇರಿನ ವಯಸ್ಸು ನೋಡಿಕೊಂಡು ಗ್ಲಿಸಿರೈಜಿನ್ ಪ್ರಮಾಣ ಹಲವು ಪಟ್ಟು ಹೆಚ್ಚುಕಡಿಮೆ ಆಗುತ್ತದೆ. ಹೋದ ವರ್ಷ ತಿಂದಾಗ ಏನೂ ಆಗಿರಲಿಲ್ಲ ಎಂಬ ಮಾತಿಗೆ ಹಾಗಾಗಿ ಬೆಲೆ ಕಡಿಮೆ.

‘ಮನೆಮದ್ದಿನಿಂದ ಹೀಗೂ ಆಗುತ್ತದೆಯೇ’ ಎಂದು ಕೇಳಿದ್ದೀರಿ. ಆಗುತ್ತದೆ. ಇದು ಹೊಸದಾಗಿ ಪತ್ತೆಯಾದದ್ದೂ ಅಲ್ಲ. 1940ರ ದಶಕದಲ್ಲಿ ನೆದರ್ಲೆಂಡ್ಸಿನ ರೆವರ್ಸ್ ಎಂಬ ವೈದ್ಯರು ಹೊಟ್ಟೆಯ ಹುಣ್ಣಿಗೆ ಜೇಷ್ಠಮಧುವಿನ ಸಾರ ಕೊಡುತ್ತಿದ್ದರು. ಹುಣ್ಣಿನ ನೋವು ಇಳಿಯಿತು, ನಿಜ. ಆದರೆ ಸುಮಾರು ಐದರಲ್ಲಿ ಒಬ್ಬರಿಗೆ ಮೈ ಬಾತುಕೊಂಡಿತು. ಅದನ್ನು 1946ರಲ್ಲಿ ಬರೆದಿಟ್ಟರು. ಆಮೇಲೆ 1960ರ ದಶಕದಲ್ಲಿ ಇದೇ ಬೇರಿನ ಆಮ್ಲದಿಂದ ಕಾರ್ಬೆನಾಕ್ಸೊಲೋನ್ ಎಂಬ ಹುಣ್ಣಿನ ಮಾತ್ರೆಯೇ ಬಂತು. ಅದರ ಅಡ್ಡಪರಿಣಾಮಗಳೂ ಇವೇ: ಬಿಪಿ, ಬಾವು, ಪೊಟ್ಯಾಸಿಯಂ ಇಳಿತ. ಸಿಮೆಟಿಡಿನ್‌ನಂಥ ಮಾತ್ರೆಗಳು ಬಂದ ಮೇಲೆ ಅದು ಮೂಲೆ ಸೇರಿತು. ಬೇರಿಗೆ ಗುಣ ಇಲ್ಲ ಎಂದು ನಾನು ಹೇಳುತ್ತಿಲ್ಲ, ಗಮನಿಸಿ. ಗುಣ ಇರುವುದಕ್ಕೇ ಅದು ಮದ್ದು. ಮದ್ದಾದ್ದಕ್ಕೇ ಅದಕ್ಕೆ ಅಳತೆ ಬೇಕು.

ಪಶ್ಚಿಮದ ದೇಶಗಳಲ್ಲಿ ಜೇಷ್ಠಮಧು ಮದ್ದಾಗಿ ಅಲ್ಲ, ಕಪ್ಪು ಮಿಠಾಯಿಯಾಗಿ ಹೊಟ್ಟೆ ಸೇರುತ್ತದೆ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಕಟ್ಟಡದ ಕೆಲಸ ಮಾಡುತ್ತಿದ್ದ 54 ವರ್ಷದ ಒಬ್ಬರು ಕೆಲವು ವಾರ ದಿನಕ್ಕೆ ಒಂದೂವರೆ ಪೊಟ್ಟಣದಷ್ಟು ಇದನ್ನು ತಿಂದರು. ಒಂದು ದಿನ ಇದ್ದಕ್ಕಿದ್ದ ಹಾಗೆ ಕುಸಿದರು, ಹೃದಯದ ಬಡಿತ ತಪ್ಪಿ ತೀರಿಕೊಂಡರು. ಪೊಟ್ಯಾಸಿಯಂ ತೀರಾ ಇಳಿದಿತ್ತು. 2020ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಅದು ಪ್ರಕಟವಾಯಿತು. ಅಲ್ಲಿನ ಔಷಧ ನಿಯಂತ್ರಣ ಇಲಾಖೆ 40 ದಾಟಿದವರಿಗೆ ಎಚ್ಚರಿಕೆ ಕೊಟ್ಟಿದೆ: ದಿನಕ್ಕೆ ಸುಮಾರು 57 ಗ್ರಾಂ ಆ ಮಿಠಾಯಿಯನ್ನು ಎರಡು ವಾರ ತಿಂದರೆ ಹೃದಯದ ಬಡಿತ ತಪ್ಪಿ ಆಸ್ಪತ್ರೆ ಸೇರಬೇಕಾದೀತು. ನಿಮ್ಮನ್ನು ಹೆದರಿಸಲು ಇದನ್ನು ಬರೆದದ್ದಲ್ಲ. 2.9ರ ವರದಿಯನ್ನು ಮಡಚಿ ಕಿಸೆಯಲ್ಲಿ ಇಟ್ಟುಕೊಂಡು ಕೂಟಕ್ಕೆ ಹೊರಡಬಾರದು ಎಂದು ಬರೆದೆ.

ಆಯುರ್ವೇದವೂ ಇದನ್ನು ಲೆಕ್ಕ ಇಲ್ಲದೆ ತಿನ್ನಿ ಎಂದು ಹೇಳುವುದಿಲ್ಲ. ಭಾರತದ ಆಯುರ್ವೇದ ಔಷಧಸೂಚಿಯಲ್ಲಿ ಯಷ್ಟಿಮಧು ಪುಡಿಯ ಪ್ರಮಾಣ 2ರಿಂದ 4 ಗ್ರಾಂ. ಯಾರಿಗೆ, ಎಷ್ಟು ದಿನ ಎಂಬುದನ್ನು ಪಂಡಿತರು ರೋಗಿಯನ್ನು ನೋಡಿ ಹೇಳುತ್ತಾರೆ. ಯುರೋಪಿನ ಔಷಧ ಸಂಸ್ಥೆ ಹೊಟ್ಟೆಯ ತೊಂದರೆಗೆ ಇದರ ಚಹಾ ಕುಡಿಯುವವರಿಗೆ ನಾಲ್ಕು ವಾರ ದಾಟಬೇಡಿ ಎನ್ನುತ್ತದೆ. ಪಂಡಿತರು ಬರೆದು ಕೊಟ್ಟ ಚೀಟಿ ಎಲ್ಲೋ ಹೋಗಿ, ಪುಡಿಯ ಡಬ್ಬಿ ಮಾತ್ರ ಅಡುಗೆಮನೆಯಲ್ಲಿ ಉಳಿಯುತ್ತದಲ್ಲ, ತೊಂದರೆ ಅಲ್ಲಿ. ಕೋವಿಡ್ ಕಾಲ ಇದನ್ನು ಇನ್ನೂ ಹೆಚ್ಚು ಮಾಡಿತು. 2020ರ ಮೇ ತಿಂಗಳಲ್ಲಿ ಆಯುಷ್ ಸಚಿವಾಲಯ ಪರೀಕ್ಷೆಗೆ ಆರಿಸಿಕೊಂಡ ಮದ್ದುಗಳಲ್ಲಿ ಯಷ್ಟಿಮಧುವೂ ಒಂದು. ಪರೀಕ್ಷೆ ಎಂಬ ಶಬ್ದ ಯಾರ ಕಿವಿಗೂ ಬೀಳಲಿಲ್ಲ. ಹೆಸರು ಮಾತ್ರ ಮನೆ ಮನೆಗೆ ತಲುಪಿತು.

ನಮ್ಮ ಕಾಸರಗೋಡು ಜಿಲ್ಲೆಯವರಿಗೆ ರಾಸಾಯನಿಕ ಎಂದರೆ ಭಯ. ಆ ಭಯ ಸುಮ್ನೆ ಬಂದದ್ದಲ್ಲ. ಗೇರು ತೋಟಗಳ ಮೇಲೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದನ್ನು ಎಣ್ಮಕಜೆ, ಪಡ್ರೆಯ ಕಡೆಯವರು ಈಗಲೂ ಅನುಭವಿಸುತ್ತಿದ್ದಾರೆ. ಅಂಥ ಊರಿನವರು ‘ಬೇರು, ಸೊಪ್ಪು ಆದರೆ ಒಳ್ಳೆಯದು’ ಎಂದರೆ ನಾನು ನಗುವುದಿಲ್ಲ. ಆದರೆ ಗ್ಲಿಸಿರೈಜಿನ್ ಕೂಡ ರಾಸಾಯನಿಕವೇ. ಗಿಡ ತಯಾರಿಸಿದ್ದು ಎಂಬ ಕಾರಣಕ್ಕೆ ಮೂತ್ರಪಿಂಡ ಅದಕ್ಕೆ ರಿಯಾಯಿತಿ ಕೊಡುವುದಿಲ್ಲ. ನಮ್ಮ ಬೇಲಿಯಲ್ಲಿ ಹಬ್ಬುವ ಗುಲಗಂಜಿಯ ಎಲೆ, ಬೇರು ಕೂಡ ಸಿಹಿ. ಜೇಷ್ಠಮಧುವಿಗೆ ಬದಲು ಎಂದು ಅದನ್ನು ಜಗಿಯುವವರಿದ್ದಾರೆ. ಅದರ ಬೀಜ ಕಡು ವಿಷ. ಮಕ್ಕಳಿರುವ ಮನೆಯಲ್ಲಿ ಆ ಅಭ್ಯಾಸವೇ ಬೇಡ.

ಗೊತ್ತಿಲ್ಲದೆ ಎರಡೆರಡು ಕಡೆಯಿಂದ ಜೇಷ್ಠಮಧು ಹೊಟ್ಟೆ ಸೇರುವುದು ಕಾಸರಗೋಡಿನಲ್ಲಿ ಬಲು ಸುಲಭ. ಬಾಟಲಿಯ ಮೇಲೆ ಮಲಯಾಳದಲ್ಲಿ ‘ಇರಟ್ಟಿಮಧುರಂ’ ಎಂದು ಬರೆದಿರುತ್ತದೆ. ಕನ್ನಡ ಶಾಲೆಯಲ್ಲಿ ಓದಿದ ಹಿರಿಯರಿಗೆ ಅದು ಓದಲು ಬರುವುದಿಲ್ಲ. ಪಕ್ಕದಲ್ಲಿ ಇಂಗ್ಲಿಷಿನಲ್ಲಿ ‘ಗ್ಲಿಸಿರೈಜಾ ಗ್ಲಾಬ್ರಾ’ ಎಂದು ಸಣ್ಣ ಅಕ್ಷರ. ಉತ್ತರದ ಕಂಪನಿಯದ್ದಾದರೆ ‘ಮುಲೇಠಿ’. ತಮಿಳುನಾಡಿನಿಂದ ಬಂದದ್ದರಲ್ಲಿ ‘ಅತಿಮಧುರಂ’. ಎಲ್ಲವೂ ಇದೇ ಬೇರು. ಕೆಮ್ಮಿನ ಆಯುರ್ವೇದ ಸಿರಪ್, ಗಂಟಲಿಗೆ ಚೀಪುವ ಗುಳಿಗೆ, ಹೊಟ್ಟೆಯುರಿಯ ಚೂರ್ಣ, ‘ಹರ್ಬಲ್’ ಚಹಾ, ಇವುಗಳಲ್ಲಿ ಇದು ಇರುವ ಸಾಧ್ಯತೆ ಹೆಚ್ಚು. ಮನೆಯಲ್ಲಿರುವ ಬಾಟಲಿ, ಡಬ್ಬಿಗಳ ಫೋಟೊ ತೆಗೆದು ಸೊಸೆಗೆ ಕಳಿಸಿ, ಅವರು ಓದಿ ಹೇಳುತ್ತಾರೆ. ಡಾಕ್ಟರ ಹತ್ತಿರ ಹೋಗುವಾಗ ಅವೆಲ್ಲವನ್ನೂ ಒಂದು ಚೀಲದಲ್ಲಿ ಹಾಕಿಕೊಂಡೇ ಹೋಗಿ. ಬಾಯಲ್ಲಿ ಹೇಳಿದರೆ ಒಂದೆರಡು ಬಿಟ್ಟೇ ಹೋಗುತ್ತದೆ.

ಇನ್ನು ಬೊಂಡ. 100 ಮಿ.ಲೀ. ಎಳನೀರಿನಲ್ಲಿ ಸುಮಾರು 250 ಮಿ.ಗ್ರಾಂ. ಪೊಟ್ಯಾಸಿಯಂ ಇರುತ್ತದೆ. ಒಂದು ದೊಡ್ಡ ಲೋಟಕ್ಕೆ 500ರಿಂದ 600. ಕಡಿಮೆಯೇನೂ ಅಲ್ಲ. ಆದರೆ ಜೇಷ್ಠಮಧುವಿನ ಪರಿಣಾಮ ಇರುವ ತನಕ ಕುಡಿದದ್ದು ಮೂತ್ರದಲ್ಲಿ ಹೋಗುತ್ತಲೇ ಇರುತ್ತದೆ. 2.9ರಿಂದ ಮೇಲೆ ತರಲು ಪೊಟ್ಯಾಸಿಯಂ ಸಿರಪ್ ಬೇಕಾಗಬಹುದು, ಇಸಿಜಿ ಸರಿ ಇಲ್ಲದಿದ್ದರೆ ಆಸ್ಪತ್ರೆಯಲ್ಲಿ ಮಲಗಿಸಿ ಡ್ರಿಪ್ಪಿನಲ್ಲಿ ಕೊಡಬೇಕಾಗಬಹುದು. ಅದನ್ನು ಡಾಕ್ಟರು ತೀರ್ಮಾನಿಸಲಿ. ಸಿರಪ್ ಕೊಟ್ಟರೆ ನೀರು ಬೆರೆಸಿ, ಊಟದ ಮೇಲೆ ಕುಡಿಯಿರಿ, ಇಲ್ಲದಿದ್ದರೆ ಹೊಟ್ಟೆ ಉರಿಯುತ್ತದೆ. ಬೊಂಡ ಜೊತೆಗಿರಲಿ, ದಿನಕ್ಕೊಂದು.

ಹೀಗೆಂದು ಈ ಮಾತನ್ನು ಎಲ್ಲರೂ ಎತ್ತಿಕೊಳ್ಳಬಾರದು. ಮೂತ್ರಪಿಂಡದ ಕಾಯಿಲೆ ಇರುವವರು, ಟೆಲ್ಮಿಸಾರ್ಟಾನ್, ಲೊಸಾರ್ಟಾನ್, ರಾಮಿಪ್ರಿಲ್, ಸ್ಪೈರೊನೊಲ್ಯಾಕ್ಟೋನ್ ಮಾತ್ರೆ ತಿನ್ನುವವರು ಲೆಕ್ಕ ಇಲ್ಲದೆ ಬೊಂಡ ಕುಡಿದರೆ ಪೊಟ್ಯಾಸಿಯಂ ಮಿತಿಮೀರಿ ಏರಬಹುದು. ಅದೂ ಹೃದಯಕ್ಕೆ ಅಷ್ಟೇ ಅಪಾಯ. ನಿಮ್ಮ ಮಾತ್ರೆಯನ್ನು ಡಾಕ್ಟರು ಬದಲಿಸಿದರೆ ಬೊಂಡದ ವಿಷಯ ಮತ್ತೆ ಕೇಳಿಕೊಳ್ಳಿ.

ಬೇರು ನಿಲ್ಲಿಸಿದ ಮರುದಿನವೇ ಎಲ್ಲ ಸರಿಯಾಗುವುದಿಲ್ಲ. ಆ ಆಮ್ಲ ದೇಹದಿಂದ ನಿಧಾನವಾಗಿ ಹೋಗುತ್ತದೆ. ಕಟ್ಟಿಬಿದ್ದ ಕಿಣ್ವ ಮತ್ತೆ ಕೆಲಸಕ್ಕೆ ಬರಲು ಸಾಮಾನ್ಯವಾಗಿ ಒಂದೆರಡು ವಾರ ಬೇಕು, ಕೆಲವರಿಗೆ ಇನ್ನೂ ಜಾಸ್ತಿ. ಅಷ್ಟು ದಿನ ಪೊಟ್ಯಾಸಿಯಂ ಪರೀಕ್ಷೆಯನ್ನು ಮತ್ತೆ ಮತ್ತೆ ಮಾಡಿಸಬೇಕು. ಜೊತೆಗೆ ಒಮ್ಮೆ ಮೆಗ್ನೀಸಿಯಂ, ಕ್ರಿಯಾಟಿನಿನ್ ಕೂಡ. ಮೆಗ್ನೀಸಿಯಂ ಕಡಿಮೆ ಇದ್ದರೆ ಎಷ್ಟು ಪೊಟ್ಯಾಸಿಯಂ ಕೊಟ್ಟರೂ ನಿಲ್ಲುವುದಿಲ್ಲ. ಮನೆಯಲ್ಲಿ ಬಿಪಿ ನೋಡುವ ಯಂತ್ರ ಇದ್ದರೆ ಬೆಳಿಗ್ಗೆ, ಸಂಜೆ ನೋಡಿ ಬರೆದಿಡಿ. ಬಿಪಿ ಇಳಿಯಲು ಶುರುವಾದ ಮೇಲೆ ಹೊಸ ಮಾತ್ರೆಯ ಪರಿಣಾಮ ಅತಿಯಾಗಿ, ಎದ್ದು ನಿಂತಾಗ ತಲೆ ತಿರುಗಬಹುದು. ಆಗ ಮಾತ್ರೆ ಕಡಿಮೆ ಮಾಡಬೇಕಾಗುತ್ತದೆ. ಹಳೆಯ ಅಮ್ಲೋಡಿಪಿನ್ ಒಂದೇ ಸಾಕಾಗುವ ಸಾಧ್ಯತೆಯೂ ಇದೆ.

ಒಂದೆರಡು ತಿಂಗಳಾದರೂ ಪೊಟ್ಯಾಸಿಯಂ ಮೇಲೆ ಬಾರದಿದ್ದರೆ? ಆಗ ಬೇರಿನ ಮೇಲೆ ಪೂರ್ತಿ ಗೂಬೆ ಕೂರಿಸಿ ಸುಮ್ಮನಾಗಬಾರದು. ಅಡ್ರಿನಲ್ ಗ್ರಂಥಿಯೇ ಆಲ್ಡೊಸ್ಟಿರೋನ್ ಜಾಸ್ತಿ ಮಾಡುವ ಕಾಯಿಲೆಯಲ್ಲೂ ಇದೇ ಚಿತ್ರ ಕಾಣುತ್ತದೆ. ರಕ್ತದಲ್ಲಿ ರೆನಿನ್, ಆಲ್ಡೊಸ್ಟಿರೋನ್ ನೋಡಿದರೆ ಗೊತ್ತಾಗುತ್ತದೆ. ಜೇಷ್ಠಮಧುವಿನ ಕಾರಣವಾದರೆ ಎರಡೂ ಕಡಿಮೆ ಇರುತ್ತವೆ. ಗ್ರಂಥಿಯ ಕಾಯಿಲೆಯಾದರೆ ರೆನಿನ್ ಕಡಿಮೆ, ಆಲ್ಡೊಸ್ಟಿರೋನ್ ಹೆಚ್ಚು.

ನಿಮ್ಮ ಪ್ರಶ್ನೆ ಓದುವ ಬೇರೆಯವರಿಗೂ ಸ್ವಲ್ಪ ಹೇಳಬೇಕು. ಬಿಪಿ ಇರುವವರು, ಹೃದಯ, ಮೂತ್ರಪಿಂಡ, ಲಿವರ್ ಕಾಯಿಲೆ ಇರುವವರು ಜೇಷ್ಠಮಧುವನ್ನು ಹೊಟ್ಟೆಗೆ ತೆಗೆದುಕೊಳ್ಳದಿರುವುದೇ ಒಳ್ಳೆಯದು. ಬಿಪಿ ಮಾತ್ರೆಯ ಹೆಸರಿನ ಕೊನೆಯಲ್ಲಿ ‘ಎಚ್’ ಎಂಬ ಅಕ್ಷರ ಇದ್ದರೆ ಅದರಲ್ಲಿ ಸಾಮಾನ್ಯವಾಗಿ ನಿಮ್ಮದೇ ಹೈಡ್ರೊಕ್ಲೋರೋಥಯಾಜೈಡ್ ಇರುತ್ತದೆ. ಹೃದಯಕ್ಕೆ ಡಿಜಾಕ್ಸಿನ್ ತಿನ್ನುವವರಿಗೆ ಪೊಟ್ಯಾಸಿಯಂ ಇಳಿದರೆ ಆ ಮಾತ್ರೆಯೇ ವಿಷವಾಗುತ್ತದೆ. ಪ್ರೆಡ್ನಿಸೊಲೋನ್‌ನಂಥ ಸ್ಟಿರಾಯ್ಡ್ ತಿನ್ನುವವರಿಗೆ ಅದರ ಪರಿಣಾಮ ಹೆಚ್ಚುತ್ತದೆ. ಬಸುರಿಯರಿಗೂ ಬೇಡ. ಹೊಟ್ಟೆಯಲ್ಲಿರುವ ಮಗುವನ್ನು ತಾಯಿಯ ಕಾರ್ಟಿಸೋಲಿನಿಂದ ಕಾಯುವುದೂ ಇದೇ ಜಾತಿಯ ಕಿಣ್ವ. ಬಸಿರಿನಲ್ಲಿ ಜೇಷ್ಠಮಧು ಜಾಸ್ತಿ ತಿಂದ ತಾಯಂದಿರ ಮಕ್ಕಳನ್ನು ಫಿನ್‌ಲೆಂಡಿನಲ್ಲಿ ಬೆಳೆದ ಮೇಲೆ ಪರೀಕ್ಷಿಸಿದಾಗ ಬುದ್ಧಿಶಕ್ತಿಯ ಪರೀಕ್ಷೆಯಲ್ಲಿ ಸರಾಸರಿ ಕಡಿಮೆ ಅಂಕ ಬಂದಿತ್ತು. ಇವು ಯಾವುದೂ ಇಲ್ಲದ ಗಟ್ಟಿ ಆಳು ಶೀತ ಆದಾಗ ನಾಲ್ಕು ದಿನ ಕಷಾಯ ಕುಡಿದರೆ ನಾನು ತಡೆಯುವುದಿಲ್ಲ. ಮೈಗೆ ಹಚ್ಚುವ ಯಷ್ಟಿಮಧು ಎಣ್ಣೆಗೂ ಈ ಗಲಾಟೆ ಇಲ್ಲ.

ಕೊನೆಗೆ ಸ್ವರ. ಪೊಟ್ಯಾಸಿಯಂ ಸರಿಯಾದ ಮೇಲೆ, ಜೇಷ್ಠಮಧು ಬಿಡಲು ಮನಸ್ಸೇ ಬಾರದಿದ್ದರೆ, ಅರ್ಧ ಚಮಚ ಪುಡಿಯನ್ನು ಬಿಸಿನೀರಿನಲ್ಲಿ ಕದಡಿ ಗಂಟಲಲ್ಲಿ ಗಳಗಳ ಮಾಡಿ ಉಗುಳಿ. ನುಂಗಬೇಡಿ. ಅರಿವಳಿಕೆಗೆಂದು ಗಂಟಲಿಗೆ ಕೊಳವೆ ಹಾಕುವ ಮೊದಲು ಹೀಗೆ ಮುಕ್ಕಳಿಸಿದವರಿಗೆ ಆಮೇಲೆ ಗಂಟಲು ನೋವು ಕಡಿಮೆ ಎಂದು ಪರೀಕ್ಷೆಗಳಲ್ಲೇ ಕಂಡಿದೆ. ಗಂಟಲಿಗೆ ಬೇಕಾದದ್ದು ಗಂಟಲಲ್ಲೇ ಸಿಕ್ಕಿದರೆ ಹೊಟ್ಟೆಗೆ ಯಾಕೆ? ಜಗಿಯುವ ತುಂಡು ಮಾತ್ರ ಬೇಡ, ಅದರ ರಸ ನುಂಗದೆ ಇರಲು ಯಾರಿಂದಲೂ ಆಗದು. ಅದರ ಬದಲು ಒಂದು ಲವಂಗವೋ ಏಲಕ್ಕಿಯೋ ಬಾಯಲ್ಲಿರಲಿ, ಪದ್ಯಗಳ ನಡುವೆ ಬಿಸಿನೀರು ಗುಟುಕರಿಸಿ.

ಮಳೆಗಾಲದಲ್ಲಿ ಸ್ವರ ಒಡೆಯಲು ಶೀತವೇ ಕಾರಣ ಆಗಬೇಕಿಲ್ಲ. ಕೂಟ ಮುಗಿಸಿ ತಡರಾತ್ರಿ ಹೊಟ್ಟೆ ತುಂಬ ಉಂಡು, ಬಂದ ಕೂಡಲೇ ಮಲಗುವುದು ನಿಮ್ಮಲ್ಲಿ ಅನೇಕರ ಅಭ್ಯಾಸ. ಹೊಟ್ಟೆಯ ಹುಳಿ ಗಂಟಲಿಗೆ ಏರಿ ಸ್ವರತಂತುಗಳನ್ನು ಸುಡುತ್ತದೆ. ಬೆಳಿಗ್ಗೆ ಎದ್ದಾಗ ಸ್ವರ ಗೊಗ್ಗರು, ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗೆ ಇದ್ದರೆ ಇದೇ ಇರಬಹುದು. ಕೂಟಕ್ಕೆ ಹೋಗುವ ಮೊದಲೇ ಊಟ ಮುಗಿಸಿ, ಬಂದ ಮೇಲೆ ಬೇಕಾದರೆ ಒಂದು ಲೋಟ ನೀರುಮಜ್ಜಿಗೆ, ಉಪ್ಪು ಹಾಕದೆ. ತಲೆಯ ಕಡೆ ಮಂಚ ಸ್ವಲ್ಪ ಎತ್ತರ ಇರಲಿ. ಸತತ ಎರಡು ರಾತ್ರಿ ಹಾಡಿದರೆ ಮೂರನೇ ದಿನ ಮಾತೂ ಕಡಿಮೆ ಮಾಡಿ. ಪಿಸುಗುಟ್ಟುವುದು ವಿಶ್ರಾಂತಿ ಅಲ್ಲ, ಸ್ವರಕ್ಕೆ ಅದೂ ಕೆಲಸವೇ.

ಇಷ್ಟೆಲ್ಲ ಮಾಡಿಯೂ ಸ್ವರ ಮೂರು ವಾರಕ್ಕಿಂತ ಹೆಚ್ಚು ದಿನ ಒಡೆದೇ ಇದ್ದರೆ ಕಿವಿ-ಮೂಗು-ಗಂಟಲು ತಜ್ಞರಿಗೆ ತೋರಿಸಿ. ವೀಳ್ಯಕ್ಕೆ ಹೊಗೆಸೊಪ್ಪು ಸೇರಿಸುವ ಅಭ್ಯಾಸ ಇದ್ದರೆ ಅಷ್ಟು ದಿನವೂ ಕಾಯಬೇಡಿ. ಮೂಗಿನ ದಾರಿಯಲ್ಲಿ ತೆಳ್ಳಗಿನ ಕ್ಯಾಮರಾ ಇಳಿಸಿ ಸ್ವರತಂತುಗಳನ್ನು ನೋಡುತ್ತಾರೆ. ಕೆಲವೇ ನಿಮಿಷದ ಕೆಲಸ, ಮಲಗಿಸುವುದೂ ಇಲ್ಲ, ಅದೇ ದಿನ ಮನೆಗೆ ಬರಬಹುದು.